ನಂದು ಆತು

ನಮ್ಮ ಸೋದರತ್ತೆ, ಅಂದರೆ ಅಪ್ಪನ ತಂಗಿ, ನಲವತ್ತು ವರ್ಷಗಳಿಂದ ಸಾಯುತ್ತಿದ್ದಾರೆ. ಕೆಲಸ ಇನ್ನೂ ಮುಗಿದಿಲ್ಲ!

ಲಕ್ಷ್ಮೇಶ್ವರದಲ್ಲಿ ಮೊದಲ ಸಲ ಚಾಳೀಸು ಮೂಗಿಗೇರಿದ ದಿನವೇ "ನಂದು ಆತು" ಎಂದು ಸಾರಿಬಿಟ್ಟರು. ನಮ್ಮ ಗದಗಿನ ಕಡೆ 'ಆತು' ಎಂದರೆ ಸರಿ ಎಂದೂ ಹೌದು, ಸಾಕು ಎಂದೂ ಹೌದು, ಮುಗಿಯಿತು ಎಂದೂ ಹೌದು. ಅತ್ತೆಯದು ಬರೀ ಮುಗಿಯಿತು. ಚಹಾ ಕೊಟ್ಟರೆ "ನಂದು ಆತು, ಇನ್ನ ಚಹಾ ಯಾಕ?" ಎನ್ನುವರು. ಕುಡಿದಾದ ಮೇಲೆ "ಸಕ್ರಿ ಕಮ್ಮಿ ಆಗೇತಿ" ಎನ್ನುವರು.

ಪ್ರತಿ ದೀಪಾವಳಿಗೆ ಬೆಟಗೇರಿಗೆ ಬಂದು 'ಕಡೀ ಸೀರಿ' ಕೊಳ್ಳುತ್ತಾರೆ. ಕಡೀ ಸೀರೆಗಳಿಂದಲೇ ಟ್ರಂಕು ತುಂಬಿದೆ. ಒಮ್ಮೆ ನಾನೂ ಜೊತೆಗಿದ್ದೆ.

"ತಗೋರಿ ಅಮ್ಮಾರ, ಹತ್ತು ವರ್ಷ ಬಾಳಿಕಿ ಬರ್ತೈತಿ" ಎಂದ ಅಂಗಡಿಯವ.

ಅತ್ತೆ ಸೆರಗು ಜಗ್ಗಿ ನೋಡಿ ಮುಖ ಸಿಂಡರಿಸಿದರು. "ಬರೇ ಹತ್ತ?"

ಮುಂಡರಗಿಯ ಬೀಗರ ಮದುವೆಯಲ್ಲಿ "ನಾ ನೋಡೋ ಕಡೀ ಮದುವಿ ಇದು, ಇನ್ನೊಂದು ಹೋಳಿಗಿ ಹಾಕು" ಎಂದರು. ಆ ಮದುಮಗಳ ಮಗಳ ಮದುವೆಗೂ ಹೋದರು. ಅದೂ ಕಡೀ ಮದುವೆಯೇ, ಹೋಳಿಗೆ ಮಾತ್ರ ಮೂರು! ಇವರ ನಾಡಿ ಹಿಡಿದು ತಲೆ ಅಲ್ಲಾಡಿಸಿದ್ದ ಇಬ್ಬರು ಡಾಕ್ಟರರು ತಾವೇ ತೀರಿಕೊಂಡರು.

ಬೆಳಗಾದರೆ ನನ್ನ ಮೊಬೈಲಿಗೆ ಉಪದೇಶ ಬರುತ್ತದೆ: ಮುದುಕನಾದೆ ಎಂದುಕೊಳ್ಳುವವನಿಗೆ ಆಯುಷ್ಯ ಕಡಿಮೆಯಂತೆ, ಮನಸ್ಸು ಎಳೆಯದಾಗಿದ್ದರೆ ಹೆಚ್ಚಂತೆ. ಹೌದೇನು? ಇದನ್ನು ಬರೆದ ಪುಣ್ಯಾತ್ಮ ನಮ್ಮ ಮನೆಗೊಮ್ಮೆ ಬರಲಿ! ಉಪ್ಪಿಟ್ಟು ಕೊಟ್ಟು ಅತ್ತೆಯ ಎದುರಿಗೆ ಕೂಡಿಸುತ್ತೇನೆ. ಆಮೇಲೆ ಗೋಡೆಯ ಮೇಲಿರುವ ಅವ್ವನ ಫೋಟೋ ತೋರಿಸುತ್ತೇನೆ.

ನಮ್ಮವ್ವ ಐವತ್ತೈದಕ್ಕೆ ಸ್ಕೂಟರ್ ಕಲಿತವಳು. ಬಿದ್ದು ಮೊಣಕಾಲು ಕೆತ್ತಿಕೊಂಡು ಬಂದು ನಗುತ್ತಿದ್ದಳು. "ವಯಸ್ಸಾತಲ್ಲಬೇ" ಎಂದರೆ, "ಯಾರಿಗೆ? ನಿಮ್ಮತ್ತಿಗೆ ಆಗೇತಿ!" ಎನ್ನುತ್ತಿದ್ದಳು. ಅರವತ್ತೊಂದಕ್ಕೆ, ಒಂದು ಬೆಳಿಗ್ಗೆ, ರೊಟ್ಟಿ ಬಡಿಯುತ್ತ ಬಡಿಯುತ್ತ ಅಲ್ಲೇ ಒರಗಿದಳು. ಎದೆ ನಿಂತಿತ್ತು. ಹಂಚಿನ ಮೇಲಿನ ರೊಟ್ಟಿ ಸೀದಿತ್ತು.

ಅತ್ತೆ ಬಂದು ಅಂಗಳದಲ್ಲಿ ನಿಂತು ಕೂಗಿದ್ದು ಒಂದೇ ಮಾತು: "ನಾ ಹೋಗೂದಿತ್ತು, ವೈನಿ ಹೆಂಗ ಹೋದ್ಲು?"

ಹೋಗುವುದಿದ್ದರೆ ಹೋಗಬೇಕಿತ್ತು! ನನಗೆ ಹೊಟ್ಟೆ ಉರಿಯಿತು. ಬದುಕಬೇಕೆಂದು ಕುಣಿಯುವವಳನ್ನು ಎತ್ತಿಕೊಂಡು, ಸಾಯುತ್ತೇನೆ ಎನ್ನುವವರಿಗೆ ವರ್ಷಕ್ಕೊಂದು ಸೀರೆ ಉಡಿಸುವ ದೇವರಿಗೆ ಕಣ್ಣಿಲ್ಲ ಎಂದುಕೊಂಡೆ. ಈಗಲೂ ಅದನ್ನೇ ಅನ್ನುತ್ತೇನೆ.

ಮೊನ್ನೆ ನನಗೂ ಅರವತ್ತೊಂದು ತುಂಬಿತು. ತುಂಬಿದ್ದೇ ತಡ, ಎದೆ ಹಿಡಿಯಿತು. ಗದಗಿನ ಆಸ್ಪತ್ರೆಯಲ್ಲಿ ನೋಡಿ, ಎದೆ ತೆರೆದೇ ಸರಿಪಡಿಸಬೇಕು ಎಂದರು. ಅವ್ವನ ವಯಸ್ಸು, ಅವ್ವನ ಎದೆ. ಇನ್ನೇನು ಉಳಿಯಿತು? ಆಪರೇಷನ್ನಿನ ದಿನ ಬೆಳಿಗ್ಗೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಎಂಬತ್ತೆರಡರ ಅತ್ತೆ ಲಕ್ಷ್ಮೇಶ್ವರದಿಂದ ಮೊದಲ ಬಸ್ಸು ಹಿಡಿದು ಬಂದು ಮಂಚದ ಅಂಚಿಗೆ ಕೂತರು.

"ಹೆಂಗದೀಯೋ ತಮ್ಮಾ?"

"ನಂದು ಆತು, ಅತ್ತಿ" ಎಂದೆ.

ನನ್ನ ಭುಜಕ್ಕೆ ಪಟ್ಟನೆ ಏಟು ಬಿತ್ತು.

"ಏನಂದಿ? ಲೇ, ಆ ಮಾತು ನಂದು! ನಿಮ್ಮವ್ವ ಪಾಳಿ ಮುರದು ಹೋದ್ಲು, ಈಗ ನೀ ಹೊಂಟಿಯೇನು? ಪಾಳ್ಯಾಗ ಮುಂದ ನಾ ನಿಂತೀನಿ. ಹಿಂದ ಸರಿ!"

ಬೈಯುತ್ತಲೇ ದನಿ ಒಡೆಯಿತು. ನಲವತ್ತು ವರ್ಷ ಸಾಯುತ್ತಿದ್ದರೂ ತಮಗಾಗಿ ಒಂದು ಹನಿ ಕಣ್ಣೀರು ಹಾಕದವರು ಈಗ ಸೆರಗಿನಿಂದ ಮುಖ ಮುಚ್ಚಿಕೊಂಡರು.

"ದಿನಾ ಹೇಳ್ತೀನೋ ಆ ದೇವರಿಗೆ, ನಂದು ಆತು, ನನ್ನ ಕರಕೊಂಡು ಹೋಗು, ನಮ್ಮ ಮಂದಿನ್ನ ಬಿಡು ಅಂತ. ಅವಂಗ ಕೇಳಸಬೇಕಲ್ಲ!"

ಅವರ ಕೈ ಹಿಡಿದುಕೊಂಡೆ. ರೊಟ್ಟಿ ಬಡಿದು ಒರಟಾದ ಕೈ, ಅವ್ವನ ಕೈಯಂಥದೇ.

ನರ್ಸಮ್ಮ ಗಾಲಿಮಂಚ ದೂಡಿಕೊಂಡು ಬಂದಳು. "ಅಮ್ಮಾರ, ಟೈಮ್ ಆಗೇತಿ. ಮಾತಾಡೂದು ಆತೇನ್ರಿ?"

ಅತ್ತೆ ನನ್ನ ಕೈ ಬಿಡಲಿಲ್ಲ.

"ಇಲ್ಲವಾ, ಆಗಿಲ್ಲ" ಎಂದರು. "ಇನ್ನೂ ಭಾಳ ಐತಿ."