ಸಿಕ್ಕಿಯೂ ಸಿಗದ ಹೊಲಿಗೆ ಯಂತ್ರ

ಪೊಲೀಸ್ ಇಲಾಖೆಯ ಹಳೆಯ ಪ್ರಕರಣಗಳ ವಿಭಾಗದಲ್ಲಿ ಕಳೆದ ಮೂವತ್ತೊಂದು ವರ್ಷಗಳಿಂದ ಒಂದೇ ಒಂದು ಪ್ರಕರಣವೂ ಮುಕ್ತಾಯವಾಗಿಲ್ಲವೆಂಬುದು ದಾಖಲಾದ ಸತ್ಯ. ಆ ಸತ್ಯವನ್ನು ಒಂದಕ್ಷರ ತಪ್ಪದಂತೆ ದಾಖಲಿಸಿಟ್ಟವರು ವಿಭಾಗದ ಗುಮಾಸ್ತರು. ಕೆಲಸಕ್ಕೆ ಸೇರಿದ ದಿನ ಅವರ ಕೈಗೆ ಎರಡು ರಬ್ಬರ್ ಮುದ್ರೆ ಕೊಟ್ಟಿದ್ದರು. ‘ಬಾಕಿ’ ಎಂಬುದು ಸವೆದು ಸವೆದು ನಾಲ್ಕು ಸಲ ಬದಲಾಗಿತ್ತು. ‘ಮುಕ್ತಾಯ’ ಎಂಬುದು ಮಾತ್ರ ಬಂದ ಪೊಟ್ಟಣದಲ್ಲೇ, ಮೇಜಿನ ಎರಡನೇ ಖಾನೆಯಲ್ಲಿ, ದಾರ ಕೂಡ ಬಿಚ್ಚದೆ ಮಲಗಿತ್ತು.

ನಿವೃತ್ತಿಗೆ ಇನ್ನು ಮೂರೇ ತಿಂಗಳು. ಓಣಿಯ ಮಕ್ಕಳು ಅವರನ್ನು ‘ಬಾಕಿ ಮಾಮ’ ಎಂದು ಕರೆಯುತ್ತಿದ್ದರು. ಅದಕ್ಕೆ ಅವರಿಗೆ ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗುಮಾಸ್ತರಿಗೆ ಬಡ್ತಿ ಬೇಕಿರಲಿಲ್ಲ, ಬೀಳ್ಕೊಡುಗೆಯ ಭಾಷಣ ಬೇಕಿರಲಿಲ್ಲ. ಒಂದೇ ಒಂದು ಸಲ ಆ ಎರಡನೇ ಮುದ್ರೆಯನ್ನು ಒತ್ತಿ ಮನೆಗೆ ಹೋಗಬೇಕು, ಅಷ್ಟೆ. ಮನುಷ್ಯ ಇದಕ್ಕಿಂತ ಕಡಿಮೆ ಆಸೆ ಇಟ್ಟುಕೊಳ್ಳುವುದು ಕಷ್ಟ.

ಈ ಮಧ್ಯೆ ಇಲಾಖೆಗೆ ಕೀರ್ತಿ ಬಂದಿತ್ತು. ಪ್ರತಿ ಶುಕ್ರವಾರ ಸಂಜೆ ಟಿ.ವಿ.ಯಲ್ಲಿ ‘ಧೂಳಿನ ಕೆಳಗೆ’ ಎಂಬ ಧಾರಾವಾಹಿ. ಅದರಲ್ಲಿ ಕಪ್ಪು ಕೋಟಿನ ಪತ್ತೇದಾರನೊಬ್ಬ ಹಳೆಯ ಕಡತ ತೆಗೆದು, ಧೂಳು ಊದಿ, ಎರಡು ಸಲ ಕೆಮ್ಮಿ, ಕಿಟಕಿಯಾಚೆ ನೋಡುತ್ತಾನೆ. ಸತ್ಯ ತಾನಾಗಿಯೇ ಹೊರಬರುತ್ತದೆ. ಕಡತಗಳನ್ನು ಒದಗಿಸುವುದು ಗುಮಾಸ್ತರ ವಿಭಾಗ. ಈ ಕುರಿತು ಹೊರಟ ಸುತ್ತೋಲೆ ಹೀಗಿತ್ತು: “ಧಾರಾವಾಹಿಗೆ ಆಯ್ಕೆಯಾದ ಪ್ರಕರಣವನ್ನು ಕೊನೆಯ ಕಂತು ಪ್ರಸಾರವಾಗುವವರೆಗೆ ಯಾರೂ ಪತ್ತೆಹಚ್ಚತಕ್ಕದ್ದಲ್ಲ. ಕಡತದ ಮೇಲಿನ ಧೂಳನ್ನು ಒರೆಸತಕ್ಕದ್ದಲ್ಲ. ಧೂಳು ಸಾಲದೆ ಬಂದಲ್ಲಿ ಪಕ್ಕದ ಭೂಮಾಪನ ವಿಭಾಗದಿಂದ ಲಿಖಿತ ಕೋರಿಕೆಯ ಮೇರೆಗೆ ಪಡೆಯತಕ್ಕದ್ದು.” ಭೂಮಾಪನದವರು ಧಾರಾಳಿಗಳು, ಕೇಳಿದಾಗಲೆಲ್ಲ ಕೊಟ್ಟರು.

ಮೊಟ್ಟಮೊದಲು ಆಯ್ಕೆಯಾದದ್ದು ಟೈಲರಮ್ಮನ ಹೊಲಿಗೆ ಯಂತ್ರದ ಕಳವು, ಇಪ್ಪತ್ತೆರಡು ವರ್ಷ ಹಳೆಯದು. ಹದಿಮೂರು ಕಂತು. ನಾಲ್ಕನೇ ಕಂತು ಮುಗಿದ ಮೇಲಿನ ಮಂಗಳವಾರ ಹನ್ನೊಂದು ಗಂಟೆಗೆ ಛತ್ರಿ ರಿಪೇರಿಯವನೊಬ್ಬ ಏದುಸಿರು ಬಿಡುತ್ತಾ ಬಂದು, ಹೆಗಲ ಮೇಲಿದ್ದ ಯಂತ್ರವನ್ನು ಗುಮಾಸ್ತರ ಮೇಜಿನ ಮೇಲಿಟ್ಟ.

“ಸಾರ್, ಇದನ್ನ ಕದ್ದಿದ್ದು ನಾನು. ಶುಕ್ರವಾರ ಪತ್ತೇದಾರ್ರು ನನ್ನ ಮುಖಾನೇ ನೋಡಿ ‘ಎಲ್ಲಿದ್ದೀಯ, ನಿನ್ನ ಮನಸ್ಸು ಚುಚ್ಚೋದಿಲ್ವಾ’ ಅಂದ್ರು. ಚುಚ್ತು ಸಾರ್. ಹಿಡ್ಕೊಳ್ಳಿ ನನ್ನ.”

ಗುಮಾಸ್ತರ ಕೈ ತಾನಾಗಿಯೇ ಎರಡನೇ ಖಾನೆಗೆ ಹೋಯಿತು. ಪೊಟ್ಟಣದ ದಾರ ಬಿಚ್ಚುವಷ್ಟರಲ್ಲಿ ಸಾಹೇಬರು ಒಳಗಿಂದ ಬಂದರು.

“ಏನ್ರೀ ಮಾಡ್ತಿದ್ದೀರ? ಇನ್ನೂ ಒಂಬತ್ತು ಕಂತು ಬಾಕಿ ಇದೆ!”

“ಸಾರ್, ಕಳ್ಳ ಬಂದಿದಾನೆ. ಮಾಲೂ ಬಂದಿದೆ.”

“ಬಂದ್ರೆ? ಹದಿಮೂರನೇ ಕಂತಿಗೆ ಬರೋಕೆ ಹೇಳಿ.”

ಆದರೆ ಯಂತ್ರವನ್ನೇನು ಮಾಡುವುದು? ಒಳಗಿಟ್ಟುಕೊಂಡರೆ ಸಿಕ್ಕಿದಂತಾಗುತ್ತದೆ. ವಾಪಸು ಕಳಿಸಿದರೆ ಕದ್ದ ಮಾಲನ್ನು ಇಲಾಖೆಯೇ ಕಳ್ಳನಿಗೆ ಕೊಟ್ಟಂತಾಗುತ್ತದೆ. ಎರಡು ದಿನ ತಲೆ ಕೆರೆದುಕೊಂಡು ಸಾಹೇಬರು ದಾರಿ ಹುಡುಕಿದರು. ಯಂತ್ರವನ್ನು ಕಿಟಕಿಯ ಪಕ್ಕ ಇಟ್ಟು, “ಈ ವಸ್ತು ಇನ್ನೂ ಸಿಕ್ಕಿರುವುದಿಲ್ಲ” ಎಂದು ಚೀಟಿ ಅಂಟಿಸಲಾಯಿತು. ಗುಮಾಸ್ತರು ಪೊಟ್ಟಣಕ್ಕೆ ಮತ್ತೆ ದಾರ ಕಟ್ಟಿದರು. ಆ ಗಂಟು ಹಾಕುವಾಗ ಅವರಿಗಾದ ಸಂಕಟವನ್ನು ಬರೆಯಲು ಯಾವ ನಮೂನೆಯಲ್ಲೂ ಜಾಗವಿಲ್ಲ.

ಟೈಲರಮ್ಮ ಇಪ್ಪತ್ತೆರಡು ವರ್ಷಗಳಿಂದ ಪ್ರತಿ ತಿಂಗಳ ಮೊದಲ ಸೋಮವಾರ ತಪ್ಪದೆ ಬಂದು “ಸಿಕ್ತಾ?” ಎಂದು ಕೇಳಿಹೋಗುವ ಹೆಂಗಸು. ಆ ಸೋಮವಾರವೂ ಬಂದರು. ಬಾಯಿ ತೆರೆಯುವ ಮೊದಲೇ ಕಣ್ಣು ಕಿಟಕಿಯ ಕಡೆ ಹೋಯಿತು. ಯಂತ್ರದ ಚಕ್ರದ ಮೇಲೆ ಮದುವೆಯ ವರ್ಷ ತಾವೇ ಇಟ್ಟ ಕೆಂಪು ನೈಲ್‌ಪಾಲಿಶ್ ಬೊಟ್ಟು ಹಾಗೇ ಇತ್ತು.

“ಅಣ್ಣಾ, ಇದು ನಂದು!”

“ಮೆಲ್ಲಗಮ್ಮ, ಚೀಟಿ ಓದಿ.”

ಟೈಲರಮ್ಮ ಓದಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು, ಇನ್ನೊಂದು ಸಲ ಓದಿದರು. ಬದುಕಿನಲ್ಲಿ ಕಚೇರಿಗಳನ್ನು ಕಂಡವರು ಅವರು, ವಾದಕ್ಕಿಳಿಯಲಿಲ್ಲ.

“ಸಿಗದೇ ಇದ್ರೆ ಬೇಡ ಬಿಡಿ. ಅಲ್ಲೀವರೆಗೂ ಇದರಲ್ಲಿ ಹೊಲೀಬಹುದಾ?”

ಗುಮಾಸ್ತರು ನಿಯಮಾವಳಿ ತಿರುವಿ ಹಾಕಿದರು. ಸಿಕ್ಕ ವಸ್ತುವನ್ನು ಬಳಸಬಾರದೆಂದು ಏಳು ನಿಯಮಗಳಿದ್ದವು. ಸಿಗದ ವಸ್ತುವನ್ನು ಬಳಸಬಾರದೆಂದು ಒಂದೂ ಇರಲಿಲ್ಲ. ಮರುದಿನದಿಂದ ಟೈಲರಮ್ಮ ಕಚೇರಿಯ ಹೊತ್ತಿಗೆ ಬಂದು ಕಿಟಕಿಯ ಬಳಿ ಕೂತು ಹೊಲಿಯತೊಡಗಿದರು. ಮೊದಲು ಇಲಾಖೆಯ ಪರದೆಗಳು, ಆಮೇಲೆ ಸಾಹೇಬರ ಪ್ಯಾಂಟು. ಪ್ರತಿ ಶನಿವಾರ “ನನ್ನ ಯಂತ್ರ ಇನ್ನೂ ಸಿಕ್ಕಿಲ್ಲ” ಎಂದು ಬರೆದು, ಸೂಜಿಗೆ ದಾರ ಪೋಣಿಸುತ್ತಲೇ ಸಹಿ ಹಾಕುತ್ತಿದ್ದರು. ಛತ್ರಿಯವನು ದಿನಾ ಬಂದು “ಇವತ್ತು ಹಿಡೀತೀರಾ ಸಾರ್?” ಎಂದು ಕೇಳಿ, ಇಲ್ಲವೆಂದಾಗ ಯಂತ್ರಕ್ಕೆ ಎಣ್ಣೆ ಬಿಟ್ಟು ಹೋಗುತ್ತಿದ್ದ. ಕದ್ದವನೆಂದು ಗೊತ್ತಾದ ದಿನ ಟೈಲರಮ್ಮ ಅವನನ್ನು ಬಾಯಿಗೆ ಬಂದ ಹಾಗೆ ಬೈದರು. ಬೈದು ಮುಗಿದ ಮೇಲೆ ಅವನ ಅಂಗಿಯ ಹರಿದ ತೋಳು ಕಣ್ಣಿಗೆ ಬಿತ್ತು, ಅದನ್ನೂ ಹೊಲಿದುಕೊಟ್ಟರು.

ಹನ್ನೊಂದನೇ ಕಂತಿನ ಹೊತ್ತಿಗೆ ಧಾರಾವಾಹಿಯ ಕಥೆ ಬರೆಯುವ ಹೆಂಗಸು ಕಚೇರಿಗೆ ಬಂದರು. ಗುಮಾಸ್ತರು ಛತ್ರಿಯವನನ್ನು ಮುಂದೆ ತಳ್ಳಿದರು.

“ಯಾಕೆ ಕದ್ದೆ?” ಎಂದು ಆಕೆ ಕೇಳಿದರು.

“ಬಾಗ್ಲು ತೆಗೆದಿತ್ತಮ್ಮ.”

“ಅಷ್ಟೇನಾ? ಹಳೇ ದ್ವೇಷ? ಮೋಸ ಹೋದ ಪ್ರೀತಿ? ಅನ್ಯಾಯವಾಗಿ ಸತ್ತ ಅಣ್ಣ?”

“ಅಣ್ಣ ಇಲ್ಲಮ್ಮ. ಅಕ್ಕ ಇದಾಳೆ, ಚೆನ್ನಾಗಿದಾಳೆ. ಛತ್ರಿ ಬಟ್ಟೆ ಹೊಲಿಯೋಣ ಅಂತ ತಗೊಂಡೋದೆ. ಹೊಲಿಯೋದು ಬರ್ಲಿಲ್ಲ.”

ಆಕೆ ಟಿಪ್ಪಣಿ ಪುಸ್ತಕ ಮುಚ್ಚಿದರು. “ಇಂಥ ಕಳ್ಳನ್ನ ಇಟ್ಕೊಂಡು ನಾನು ಹದಿಮೂರನೇ ಕಂತು ಬರೆಯೋಕಾಗಲ್ಲ,” ಎಂದರು. ಆಮೇಲೆ ಬಹಳ ಹೊತ್ತು ಗುಮಾಸ್ತರನ್ನೇ ನೋಡಿದರು. ಗುಮಾಸ್ತರು ಮರ್ಯಾದೆಗೆ ಒಂದು ನಗೆ ನಕ್ಕರು.

ಕೊನೆಯ ಕಂತಿನ ಶುಕ್ರವಾರ ಗುಮಾಸ್ತರೂ ಅವರ ಹೆಂಡತಿಯೂ ಸೋಫಾದ ಮೇಲೆ ಕೂತು ನೋಡಿದರು. ಪತ್ತೇದಾರ ಧೂಳು ಊದಿದ, ಕೆಮ್ಮಿದ, ಕಿಟಕಿಯಾಚೆ ನೋಡಿದ. ನಂತರ ತಿರುಗಿ ನಿಂತು, “ಎಲ್ಲರ ಮೇಲೂ ಅನುಮಾನಪಟ್ಟೆವು. ಕಡತವನ್ನು ಇಪ್ಪತ್ತೆರಡು ವರ್ಷ ಜೋಪಾನವಾಗಿ ಕಾಯ್ದವನ ಮೇಲೆ ಮಾತ್ರ ಯಾರೂ ಅನುಮಾನಪಡಲಿಲ್ಲ,” ಎಂದ. ಪರದೆಯ ಮೇಲಿನ ಗುಮಾಸ್ತ ಕುಸಿದು ಕೂತು ಅತ್ತ. ನಟ ಚೆನ್ನಾಗಿ ಅತ್ತನೆಂದು ಇವರಿಗೂ ಅನ್ನಿಸಿತು.

ಹೆಂಡತಿ ಟಿ.ವಿ. ಆರಿಸಿ ಗಂಡನನ್ನು ಮೇಲಿಂದ ಕೆಳಗೆ ನೋಡಿದರು.

“ಎಷ್ಟು ವರ್ಷದಿಂದ ಗೋಗರೀತಿದೀನಿ, ಒಂದು ಹೊಲಿಗೆ ಮಷೀನು ಬೇಕು ಅಂತ. ಕದ್ದೂ ಮನೆಗೆ ತರ್ಲಿಲ್ವಲ್ಲ ನೀವು!”

“ನಾನು ಕದ್ದಿಲ್ಲ ಕಣೇ.”

“ಕದ್ದಿದ್ರೂ ತರ್ತಾ ಇರ್ಲಿಲ್ಲ ಅಂತ ಗೊತ್ತು ನಂಗೆ,” ಎಂದು ಅವರು ಮುನಿಸಿಕೊಂಡು ಅಡುಗೆಮನೆಗೆ ಹೋದರು.

ಸೋಮವಾರ ಸಾಹೇಬರು ಒಂದು ನಮೂನೆಯನ್ನು ಗುಮಾಸ್ತರ ಮುಂದಿಟ್ಟರು. ‘ಅಪರಾಧಿ’ ಎಂಬುದರ ಎದುರು ಗುಮಾಸ್ತರ ಹೆಸರು, ಪದನಾಮದ ಸಮೇತ.

“ಸಾರ್, ನಾನು ಕದ್ದಿಲ್ಲ.”

“ನೀವು ಕದ್ದಿದೀರ ಅಂತ ಯಾರಂದ್ರು? ಇಡೀ ನಾಡು ನೋಡಿದ್ದನ್ನ ಇಲಾಖೆ ಇಲ್ಲ ಅನ್ನೋಕಾಗುತ್ತಾ? ಕಾಲಮಿತಿ ಮೀರಿದೆ, ಶಿಕ್ಷೆ ಇಲ್ಲ. ಪಿಂಚಣಿಗೂ ತೊಂದರೆ ಇಲ್ಲ, ಕೇಳಿದೀನಿ. ಈಗ ಪ್ರಕರಣ ಮುಗಿಸಬೇಕೋ ಬೇಡವೋ, ಅಷ್ಟು ಹೇಳಿ.”

ಗುಮಾಸ್ತರು ನಮೂನೆಯನ್ನು ಕೊನೆಯ ಸಾಲಿನವರೆಗೆ ಓದಿದರು. ಸಾಕ್ಷಿಯ ಜಾಗ ಖಾಲಿಯಿತ್ತು. ಛತ್ರಿಯವನು ಸಂಕೋಚದಿಂದ ಮುಂದೆ ಬಂದ. “ಆವತ್ತು ಆ ಮನೇಲಿ ಇದ್ದಿದ್ದು ನಾನೊಬ್ಬನೇ ಸಾರ್. ಸಾಕ್ಷಿ ಹೇಳೋದಾದ್ರೆ ನಾನೇ ಹೇಳ್ಬೇಕು.” ಗುಮಾಸ್ತರು ಯಂತ್ರ ಎತ್ತಿಕೊಂಡು ಹೋದದ್ದನ್ನು ಕಣ್ಣಾರೆ ಕಂಡೆನೆಂದು ಹೆಬ್ಬೆಟ್ಟು ಒತ್ತಿದ.

ಟೈಲರಮ್ಮ ಕಿಟಕಿಯ ಚೀಟಿಯನ್ನು ಮೆಲ್ಲಗೆ ಕಿತ್ತರು. “ಹೋಗ್ಲಿ ಬಿಡಣ್ಣ,” ಎಂದರು. “ಕೊನೆಗಾದ್ರೂ ಒಪ್ಕೊಂಡ್ರಲ್ಲ. ನಾನು ಯಾವತ್ತೋ ಕ್ಷಮಿಸಿಬಿಟ್ಟೆ.”

ಗುಮಾಸ್ತರು ಎರಡನೇ ಖಾನೆ ಎಳೆದು ಪೊಟ್ಟಣದ ದಾರ ಬಿಚ್ಚಿದರು. ಮೂವತ್ತೊಂದು ವರ್ಷವಾದರೂ ರಬ್ಬರ್ ವಾಸನೆ ಹೊಸದಾಗಿಯೇ ಇತ್ತು. ಕಾಗದ ಅಲುಗಾಡದಂತೆ ಛತ್ರಿಯವನು ಎರಡು ಬೆರಳಲ್ಲಿ ಒತ್ತಿಹಿಡಿದ. ಗುಮಾಸ್ತರು ಉಸಿರು ಬಿಗಿಹಿಡಿದು, ತಮ್ಮ ಹೆಸರಿನ ಕೆಳಗೆ ‘ಮುಕ್ತಾಯ’ ಎಂದು ಒತ್ತಿದರು. ಅಕ್ಷರಗಳು ಒಂದೂ ಹರಡದೆ ಮೂಡಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಮಾಸ್ತರು ಶಾಯಿ ಒಣಗಲೆಂದು ಮೆಲ್ಲಗೆ ಊದಿ, ಕಾಗದವನ್ನು ಸ್ವಲ್ಪ ದೂರ ಹಿಡಿದು ನೋಡಿ, “ಇನ್ನೊಂದು ಪ್ರತಿ ಸಿಗುತ್ತಾ ಸಾರ್, ಮನೆಯಲ್ಲಿ ಫ್ರೇಮ್ ಹಾಕಿಸಿ ಇಡೋಕೆ?” ಎಂದು ಕೇಳಿದರು.