ಬಲೂನುಸಹಿತ ಆದೇಶ

ನೀರು ಸರಬರಾಜು ಕಚೇರಿಗೆ ಹೊಸ ಕಂಪ್ಯೂಟರ್ ಒಂದು ಬಂದಿರುತ್ತದೆ. ಅದು ಒಂಟಿಯಾಗಿ ಬಂದಿರುವುದಿಲ್ಲ. ಯಾರೂ ಕೇಳದಿದ್ದರೂ ಕಂಪನಿಯವರು ಅದರ ಹೊಟ್ಟೆಗೆ ಮೀನು ಹಿಡಿಯುವ ಆಟ, ಮುಖದ ಕಲೆ ಅಳಿಸುವ ಸಾಫ್ಟ್‌ವೇರ್, ಗಳಿಗೆಗೊಮ್ಮೆ 'ನೀವು ಅಪಾಯದಲ್ಲಿದ್ದೀರಿ' ಎಂದು ಕಿರುಚುವ ವೈರಸ್ ಕಾವಲುಗಾರ, ಹುಟ್ಟುಹಬ್ಬದ ಶುಭಾಶಯ ಪತ್ರ ಮುದ್ರಿಸುವುದೊಂದು, ಕಚೇರಿ ಪತ್ರ ಬರೆಯುವುದೊಂದು, ಎಲ್ಲವನ್ನೂ ತುಂಬಿಯೇ ಕಳಿಸಿದ್ದರು. ಕೊನೆಯದು ಮಾತ್ರ ಒಂದೇ ತಿಂಗಳು ಪುಕ್ಕಟೆ.

ಆ ತಿಂಗಳು ಉಗ್ರಾಣದಲ್ಲೇ ಕಳೆಯಿತು. ಯಂತ್ರಕ್ಕೆ ಜೀವ ಇದೆಯೋ ಇಲ್ಲವೋ ನೋಡೋಣವೆಂದು ಉಗ್ರಾಣದಣ್ಣ ಒಮ್ಮೆ ಗುಂಡಿ ಒತ್ತಿದ್ದ. ಗಡುವು ಅಲ್ಲಿಂದಲೇ ಶುರುವಾಯಿತು. ಆಮೇಲೆ ಉದ್ಘಾಟನೆಗೆ ಸಾಹೇಬರಿಗೆ ಪುರುಸೊತ್ತಾಗಬೇಕಿತ್ತು. ಸಾಹೇಬರು ರಿಬ್ಬನ್ ಕತ್ತರಿಸಿ, ಹಳೆಯ ಟೈಪ್ ಯಂತ್ರಕ್ಕೆ ಹಾರ ಹಾಕಿ ಬೀಳ್ಕೊಟ್ಟ ಮೇಲೆ ನೋಡಿದರೆ, ಪತ್ರ ಬರೆಯುವ ಸಾಫ್ಟ್‌ವೇರ್ ಬೀಗ ಜಡಿದುಕೊಂಡು ಕೂತಿತ್ತು.

ಇದರಿಂದ ಕಂಗಾಲಾದವಳು ಆದೇಶ ಬರೆಯುವ ಗುಮಾಸ್ತೆ. ಒಂದು ಅಲ್ಪವಿರಾಮ ತಪ್ಪಿದರೂ ಇಡೀ ಹಾಳೆ ಹರಿದು ಮತ್ತೆ ಬರೆಯುವವಳಾದ್ದರಿಂದ ಕಚೇರಿಯಲ್ಲಿ ಅವಳಿಗೆ ಅಲ್ಪವಿರಾಮದಕ್ಕ ಎಂದೇ ಹೆಸರು. ಅವಳ ಮೇಜಿನ ಮುಂದೆ ದಿನಾ ಬಂದು ನಿಲ್ಲುತ್ತಿದ್ದವಳು ಮೂರನೇ ಮಹಡಿಯ ಮನೆಯೊಂದರಲ್ಲಿ ಬಟ್ಟೆ ಹೊಲಿಯುವ ಹೆಂಗಸು.

"ಅಕ್ಕಾ, ಅತ್ತೆ ಹಾಸಿಗೆ ಹಿಡಿದಿದ್ದಾರೆ. ಬೀದಿ ನಲ್ಲಿಯಿಂದ ಕೊಡ ಹೊತ್ತು ಹೊತ್ತು ನನ್ನ ಸೊಂಟ ಬಿದ್ದೇಹೋಯ್ತು. ನಲ್ಲಿ ಮಂಜೂರಾಗಿದೆ ಅಂತೀರಿ, ಆದೇಶ ಕೊಡೋಕೇನು?"

"ಮಂಜೂರಾಗಿದೆಯಮ್ಮಾ. ಬರೆಯೋಕೆ ಯಂತ್ರ ಒಪ್ತಿಲ್ಲ."

"ಕೈಯಲ್ಲೇ ಬರೆದುಕೊಡಿ."

"ಕಂಪ್ಯೂಟರ್ ಬಂದ ಮೇಲೆ ಕೈಬರಹ ನಿಷಿದ್ಧ."

ನಿಷಿದ್ಧವೆಂದು ಸಾಹೇಬರು ಕೈಯಲ್ಲೇ ಬರೆದು ಗೋಡೆಗೆ ಅಂಟಿಸಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಕೊಡಲು ಸಿದ್ಧಳಿದ್ದಳು ಪಾಪ.

ಬೇಡದ್ದನ್ನೆಲ್ಲ ಅಳಿಸಿಬಿಡಿ, ಯಂತ್ರ ಹಗುರಾಗಲಿ ಎಂದು ಅಕ್ಕ ಸಲಹೆ ಕೊಟ್ಟಾಗ ಉಗ್ರಾಣದಣ್ಣ ಹೌಹಾರಿದ. "ಪೆಟ್ಟಿಗೆ ಜೊತೆ ಬಂದದ್ದೆಲ್ಲ ಕಚೇರಿ ಆಸ್ತಿ. ಮೀನು ಅಳಿಸಿದ್ರೆ ಆಸ್ತಿ ನಾಶ ಮಾಡಿದ ಹಾಗೆ. ಸುಮ್ಮನೆ ಇಟ್ಟರೆ, ಬಳಸದ ಆಸ್ತಿ ಯಾಕೆ ಅಂತ ತನಿಖೆಯವರು ಕೇಳ್ತಾರೆ."

ಆದ್ದರಿಂದ ಪ್ರತಿಯೊಂದಕ್ಕೂ ಒಬ್ಬ ಪ್ರಭಾರಿಯನ್ನು ನೇಮಿಸಲಾಯಿತು. ಎರಡನೇ ಗುಮಾಸ್ತ ಮಧ್ಯಾಹ್ನದವರೆಗೆ ಮೀನು ಹಿಡಿಯುತ್ತಿದ್ದ. ಆ ಹೊತ್ತಿನಲ್ಲಿ ಅವನನ್ನು ಮಾತಾಡಿಸುವುದು ಕರ್ತವ್ಯಕ್ಕೆ ಅಡ್ಡಿ ಎಂದು ಪರಿಗಣಿಸಲಾಗುತ್ತಿತ್ತು. ಮಧ್ಯಾಹ್ನದ ಮೇಲೆ ಸಿಬ್ಬಂದಿಯ ಮುಖದ ಕಲೆ ಅಳಿಸುವ ಕೆಲಸ ನಡೆಯುತ್ತಿತ್ತು.

ಅಷ್ಟರಲ್ಲಿ ಸಾಹೇಬರ ಭಾವಮೈದುನನಿಗೆ ನಲ್ಲಿ ಬೇಕಾಯಿತು. ಸಾಹೇಬರು ಯೋಚಿಸಿ, ಶುಭಾಶಯದ ಸಾಫ್ಟ್‌ವೇರ್ ಖಾಲಿ ಬಿದ್ದಿದೆಯಲ್ಲ ಎಂದರು. ಸುತ್ತಲೂ ಬಣ್ಣದ ಬಲೂನು, ನಡುವೆ ನಲ್ಲಿಯ ಆದೇಶ, ಕೆಳಗೆ 'ನೂರ್ಕಾಲ ಬಾಳಿ'. ಅಂದು ಸಂಜೆಯೇ ನೀರು ಬಂತು. ಮರುದಿನದಿಂದ ಉಳಿದ ಗುಮಾಸ್ತರು ಬರೆದ ಆದೇಶಗಳೆಲ್ಲ ಬಲೂನಿನ ನಡುವೆ ಹೊರಟವು.

ಅಕ್ಕ ಒಬ್ಬಳೇ ಒಪ್ಪಲಿಲ್ಲ. "ಆದೇಶಕ್ಕೊಂದು ಮರ್ಯಾದೆ ಬೇಡವಾ? ಬಲೂನಿನ ಮಧ್ಯೆ ನನ್ನ ಸಹಿ ಬೀಳಲ್ಲ."

"ನಿಮ್ಮ ಮರ್ಯಾದೆ ಇರಲಿ ಅಕ್ಕಾ, ನನ್ನ ಸೊಂಟದ ಗತಿ?" ಎಂದಳು ಹೊಲಿಗೆಯವಳು. ಅಕ್ಕನಿಗೆ ಆ ಮಾತು ಚುಚ್ಚಿತು.

ಅವಳು ಮೇಲಿನ ಕಚೇರಿಗೆ ಅಲೆದಳು. ಚಪ್ಪಲಿ ಸವೆದರೂ ಬಿಡದೆ ಕೊನೆಗೂ ಪತ್ರ ಬರೆಯುವ ಸಾಫ್ಟ್‌ವೇರಿನ ಬೀಗ ತೆಗೆಸಿದಳು. ಮೊದಲ ಆದೇಶ ಹೊಲಿಗೆಯವಳಿಗೇ. ಬಿಳಿ ಹಾಳೆ, ಕಪ್ಪು ಅಕ್ಷರ, ನೆಟ್ಟಗೆ ಕೂತ ಅಲ್ಪವಿರಾಮಗಳು, ದುಂಡನೆಯ ಮೊಹರು. ಹೊಲಿಗೆಯವಳು ಕಣ್ಣಿಗೊತ್ತಿಕೊಂಡು ಹೋದಳು. ಅಕ್ಕನಿಗೆ ಅಂದು ಹೊಟ್ಟೆ ತುಂಬಿದಂತಾಗಿತ್ತು.

ಮರುದಿನ ಬೆಳಗ್ಗೆ ಹೊಲಿಗೆಯವಳು ಅದೇ ಹಾಳೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಲ್ಲಿ ಹಾಕುವವನು ಇದು ನಕಲಿ ಅಂತಾನೆ ಅಕ್ಕಾ. ಬಲೂನೇ ಇಲ್ಲವಲ್ಲ ಅಂತಾನೆ."

ಅಕ್ಕ ಹಾಳೆ ಕಿತ್ತುಕೊಂಡು ಸಾಹೇಬರ ಕೋಣೆಗೆ ನುಗ್ಗಿದಳು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು.

"ಬರವಣಿಗೆ ಚೆನ್ನಾಗಿದೆ ಕಣಮ್ಮಾ. ಆದ್ರೆ ಇಂಥದ್ದನ್ನ ಯಾರು ಬೇಕಾದ್ರೂ ಬರೆದುಕೋಬಹುದು. ಬಲೂನು ನಮ್ಮ ಹತ್ರ ಮಾತ್ರ ಇರೋದು."

ಅಕ್ಕ ಹಾಳೆ ವಾಪಸು ತೆಗೆದುಕೊಂಡು ತಿರುಗಿದಳು. ಬಾಗಿಲಲ್ಲಿ ಹೊಲಿಗೆಯವಳು ಸೊಂಟದ ಮೇಲೆ ಕೈಯಿಟ್ಟು ನಿಂತಿರುವುದು ಕಂಡಿತು. ಹೊರಗೆ ಬಂದಳು. ಎರಡನೇ ಗುಮಾಸ್ತನ ಮೀನು ಮುಗಿಯುವವರೆಗೆ ಕಾದಳು. ಆಮೇಲೆ ಕೂತು, ಶುಭಾಶಯದ ಸಾಫ್ಟ್‌ವೇರ್ ತೆರೆದಳು.

"ಎಷ್ಟು ಹಾಕಲಿ?"

"ಐದು ಹಾಕಿ ಅಕ್ಕಾ," ಎಂದಳು ಹೊಲಿಗೆಯವಳು. "ಮೂರನೇ ಮಹಡಿ, ನೀರು ಏರಬೇಕಲ್ಲ."

ಅಕ್ಕ ಐದು ಹಾಕಿ ಸಹಿ ಮಾಡಿದಳು. ಸಂಜೆ ನೀರು ಜೋರಾಗಿಯೇ ಬಂತು. ಎದುರುಮನೆಯವರ ನಲ್ಲಿಯಲ್ಲಿ ಮಾತ್ರ ಸಣ್ಣಗೆ ಬರುತ್ತದೆ. ಅವರ ಆದೇಶದಲ್ಲಿ ಎರಡೇ ಬಲೂನು ಇರುವುದರಿಂದ ಅವರು ದೂರು ಕೊಟ್ಟಿರುವುದಿಲ್ಲ.