ಡೆಡ್‌ಲಾಕಿನ ವಿರುದ್ಧ ಪದ

ಆ ವಾರ ನಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದೇನು ಎಂದು ಯಾರಾದರೂ ಆಣೆ ಹಾಕಿಸಿ ಕೇಳಿದರೆ ನಾನು ಸಾಕ್ಷಿ ಹೇಳಲಾರೆ. ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲ. ಪುರಾವೆಯಿಲ್ಲದೆ ಯಾವುದನ್ನೂ ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಬೆಳಿಗ್ಗೆ ಇಡ್ಲಿ ತಿಂದದ್ದನ್ನೂ ತಟ್ಟೆ ನೋಡಿದ ಮೇಲೆಯೇ ಒಪ್ಪುತ್ತೇನೆ. ಜಗಳವಾಡುವಾಗ ಮಾತ್ರ ಅದೇ ನೆನಪು ಶಿಲಾಶಾಸನವಾಗಿಬಿಡುತ್ತದೆ.

ನಾನು ಚೆನ್ನೈನ ಪೆರುಂಗುಡಿಯಾಚೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಹೆಂಡತಿ ವಸುಧಾ ವಿಮಾ ಕಚೇರಿಯಲ್ಲಿದ್ದಾಳೆ. ಡೂಪ್ಲಿಕೇಟ್ ಮಾಡಿಸಲೆಂದು ಮಂಗಳವಾರ ಅವಳ ಕೀಯನ್ನೂ ನಾನೇ ಒಯ್ದಿದ್ದೆ. ಅವಳು ಆ ದಿನವೇ ಬೇಗ ಬಂದು, ಚೆನ್ನೈ ಸೆಖೆಯಲ್ಲಿ ಎರಡು ಗಂಟೆ ಮೆಟ್ಟಿಲ ಮೇಲೆ ಕೂತಳು. ಬೇಗ ಬರುತ್ತೇನೆಂದು ತಿಳಿಸಿದ್ದೆ ಎಂದು ಅವಳು, ತಿಳಿಸಲೇ ಇಲ್ಲ ಎಂದು ನಾನು. ಅಲ್ಲಿಗೆ ಮಾತು ನಿಂತಿತು. ಉಪ್ಪು, ಪೇಪರು, ಫ್ಯಾನು, ಎಲ್ಲವೂ ಒಂಬತ್ತನೆಯ ತರಗತಿಯ ಮಗಳು ನಿಧಿಯ ಮೂಲಕ ಸಾಗಬೇಕಾಯಿತು. ನಾನು ಕನ್ನಡದಲ್ಲಿ ಹೇಳಿದ್ದು ಅವಳ ಬಾಯಲ್ಲಿ ತಮಿಳಾಗಿ ಅಡಿಗೆಮನೆ ತಲುಪಿ, ಉತ್ತರ ಇಂಗ್ಲಿಷಿನಲ್ಲಿ ಹಿಂದಿರುಗುತ್ತಿತ್ತು. ಭಾನುವಾರ ಮೈಸೂರಿನಿಂದ ಅತ್ತೆ ಬರುವವರಿದ್ದರು. ಅಷ್ಟರೊಳಗೆ ನಾವು ಮಾತಾಡದಿದ್ದರೆ ತನಿಖೆ ಅವರ ಕೈಗೆ ಹೋಗುತ್ತಿತ್ತು. ಅವರು ಯಾರ ಪಕ್ಷವೆಂಬುದರಲ್ಲಿ ನನಗೂ ಸಂದೇಹವಿರಲಿಲ್ಲ.

ಈ ನಡುವೆ ನಮ್ಮ ವಿಭಾಗದ ಮುಖ್ಯಸ್ಥರು ವಿದ್ಯಾರ್ಥಿಗಳಿಗಾಗಿ ಪೆಟ್ರಿ ನೆಟ್ ಪದಗಳ ಪಟ್ಟಿ ಕೇಳಿದ್ದರು: ಪ್ರತಿ ಪದದ ಮುಂದೆ ಅದರ ವಿರುದ್ಧ ಪದ, ಆಮೇಲೆ ಅದಕ್ಕಿಂತ ವ್ಯಾಪಕವಾದ ಪದ. ಪೆಟ್ರಿ ನೆಟ್ ಎಂದರೆ ಹೆದರಬೇಡಿ; ಕೆಲಸಗಳು ಒಂದಕ್ಕೊಂದು ಕಾಯುವುದನ್ನು ತೋರಿಸುವ ಚಿತ್ರ, ಅಷ್ಟೆ. ಕೆಲಸಕ್ಕೊಂದು ಚೌಕ, ಅದರ ಹಿಂದೆ ವೃತ್ತ, ವೃತ್ತದೊಳಗೆ ಟೋಕನ್ ಎಂಬ ಚುಕ್ಕಿ. ಚುಕ್ಕಿಯಿದ್ದರೆ ಕೆಲಸ ನಡೆಯುತ್ತದೆ. ಯಾವುದೂ ನಡೆಯದಂತಾದರೆ ಡೆಡ್‌ಲಾಕ್. ಮುಂದೆಂದಾದರೂ ಮತ್ತೆ ನಡೆಯಬಲ್ಲ ಕೆಲಸ ‘ಜೀವಂತ’; ಅದರ ಮುಂದೆ ‘ಸತ್ತ’ ಎಂದು ಬರೆದು ಹೊಡೆದುಹಾಕಿದೆ. ಈ ಶಾಸ್ತ್ರದಲ್ಲಿ ಜೀವಂತವಲ್ಲದ್ದೆಲ್ಲ ಸತ್ತಿರುವುದಿಲ್ಲ. ಒಂದೆರಡು ಸಲ ನಡೆದು ಸುಮ್ಮನಾದದ್ದೂ ಉಂಟು, ಮೊದಲ ವಾರ ಓಡಿ ಈಗ ಟವೆಲ್ ಒಣಗಿಸುತ್ತಿರುವ ನನ್ನ ಟ್ರೆಡ್‌ಮಿಲ್ಲಿನ ಹಾಗೆ. ಡೆಡ್‌ಲಾಕಿನ ವಿರುದ್ಧ ಪದಕ್ಕೆ ಬಂದಾಗ ಪೂರಾ ಸಿಕ್ಕಿಹಾಕಿಕೊಂಡೆ. ಶುಕ್ರವಾರ ಸಂಜೆ ಊಟದ ಮೇಜಿನ ಮೇಲೆ, ಉದಾಹರಣೆಗೆಂದು, ನಮ್ಮ ಮನೆಯನ್ನೇ ಬರೆದೆ: ಎಡಕ್ಕೆ ಅವಳ ವೃತ್ತ, ಬಲಕ್ಕೆ ನನ್ನದು, ನನ್ನ ಕ್ಷಮೆಗೆ ಕಾಯುವ ಅವಳ ಕ್ಷಮೆ, ಅವಳ ಕ್ಷಮೆಗೆ ಕಾಯುವ ನನ್ನ ಕ್ಷಮೆ.

ಸಾರಿನ ಪಾತ್ರೆ ಇಡಲು ಬಂದ ವಸುಧಾ ಬಗ್ಗಿ ನೋಡಿ, ನಿಮ್ಮಪ್ಪ ಇದೇನು ರಂಗೋಲಿ ಹಾಕುತ್ತಿದ್ದಾರೆ ಕೇಳು ಎಂದು ಮಗಳಿಗೆ ಹೇಳಿದಳು. ನಿಧಿ ಆ ಕ್ಷಣವೇ ರಾಜೀನಾಮೆ ಕೊಟ್ಟಳು.

“ನೀಂಗಳೇ ಪೇಸಿಕ್ಕೋಂಗಮ್ಮಾ, ನೀವಿಬ್ರೇ ಮಾತಾಡ್ಕೊಳ್ಳಿ. ಇನ್ಮೇಲೆ ನಾನು ಮೆಸೆಂಜರ್ ಅಲ್ಲ.”

ವಸುಧಾ ನೇರವಾಗಿ ಕಾಗದಕ್ಕೇ ಕೇಳಿದಳು. “ಈ ಎಡಗಡೆ ಇರೋದು ಯಾರು?”

“ನೀನು,” ಎಂದೆ.

“ಸೊನ್ನೆ?”

“ನಾನೂ ಸೊನ್ನೇನೇ, ಇಲ್ನೋಡು.”

“ಅದು ಗೊತ್ತಿರೋದೇ. ಚುಕ್ಕಿ ಎಲ್ರೀ?”

ಯಾರ ಹತ್ತಿರವೂ ಇಲ್ಲ, ಅದಕ್ಕೇ ಎಲ್ಲ ನಿಂತಿದೆ ಎಂದು ಮೇಷ್ಟ್ರ ಗತ್ತಿನಲ್ಲಿ ವಿವರಿಸಿದೆ. ಅವಳು ಹಣೆಯ ಸ್ಟಿಕ್ಕರನ್ನು ಕಿತ್ತು ಬಲಗಡೆಯ ವೃತ್ತದೊಳಗೆ ಒತ್ತಿ ಅಂಟಿಸಿದಳು.

“ತಗೊಳ್ಳಿ. ಈಗ ನಿಮ್ಮ ಚೌಕ ನಡೀಬೇಕಲ್ವಾ?”

ನಿಯಮ ನನ್ನದೇ, ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. “ತಪ್ಪಾಯ್ತು” ಎಂದೆನೆಂದು ನನ್ನ ನೆನಪು. “ಸರಿ ಬಿಡು” ಎಂದದ್ದಂತೆ, ವಸುಧಾಳ ಪ್ರಕಾರ. ಅಪ್ಪ ಬರೀ ಕೆಮ್ಮಿದರು ಎನ್ನುತ್ತಾಳೆ ನಿಧಿ. ಏನೇ ಆಗಿರಲಿ, ಸಾರನ್ನು ವಸುಧಾಳೇ ಬಡಿಸಿದಳು. ಡೆಡ್‌ಲಾಕಿಗಿಂತ ವ್ಯಾಪಕವಾದ ಪದ ಯಾವುದಿರಬಹುದೆಂದು ಕೇಳಿದ್ದಕ್ಕೆ “ಗಂಡಸರ ಹಠ ಅಂತ ಬರ್ಕೊಳ್ಳಿ” ಎಂದಳು. ನಾನು ಬರೆಯಲಿಲ್ಲ, ಮುಖ್ಯಸ್ಥರೂ ಗಂಡಸರೇ. ಭಾನುವಾರ ಬಂದ ಅತ್ತೆಗೆ ತನಿಖೆ ಮಾಡಲು ಏನೂ ಉಳಿದಿರಲಿಲ್ಲ.

ಆದರೂ ಅವಳು ಮೊದಲೇ ತಿಳಿಸಿರಲಿಲ್ಲ ಎಂಬ ನನ್ನ ವಾದ ಒಳಗೊಳಗೇ ಬೆಚ್ಚಗಿತ್ತು. ಮೊನ್ನೆ ಪುರಾವೆಗೆಂದು ಫೋನ್ ತೆಗೆದು ಹಿಂದಕ್ಕೆ ಸರಿಸುತ್ತ ಹೋದೆ. “ನಾಲ್ಕಕ್ಕೇ ಬರ್ತೀನಿ, ಕೀ ತನ್ನಿ” ಎಂಬ ಅವಳ ಸಂದೇಶ ಅಲ್ಲಿತ್ತು. ಅದರ ಕೆಳಗೆ ‘ಸರಿ’ ಎಂದು ನಾನೇ ಒತ್ತಿದ ಹೆಬ್ಬೆರಳಿನ ಚಿತ್ರ, ಸಮಯ ಎರಡು ಹತ್ತು. ಕಾಲೇಜಿನ ವೇಳಾಪಟ್ಟಿಯನ್ನೂ ತೆಗೆದು ನೋಡಿದೆ. ಮಂಗಳವಾರ ಎರಡು ಗಂಟೆಯ ತರಗತಿ ನನ್ನದೇ. ಅಂದಿನ ಪಾಠ, ಡೆಡ್‌ಲಾಕ್ ಬಾರದಂತೆ ನೋಡಿಕೊಳ್ಳುವ ಬಗೆ.